ರನ್-ಅಪ್‌ನಲ್ಲಿ ಮ್ಯಾಗ್ನೆಟೊ ಡ್ರಾಪ್ ಮಿತಿ ಮೀರಿದಾಗ: ಸೆಸ್ನಾ 172ರಲ್ಲಿ ದೋಷ ಹುಡುಕುವ ಕ್ರಮ

ಖಾಸಗಿ ಮಾಲೀಕತ್ವದ ಸಣ್ಣ ವಿಮಾನಗಳಲ್ಲಿ ಹಾರಾಟಕ್ಕೆ ಮುನ್ನ ಅತಿ ಹೆಚ್ಚಾಗಿ ಎದುರಾಗುವ ದೂರು ಒಂದೇ: ರನ್-ಅಪ್ (ಹಾರುವ ಮುನ್ನ ನೆಲದ ಮೇಲೆ ಎಂಜಿನ್ ಓಡಿಸಿ ನೋಡುವ ಪರೀಕ್ಷೆ) ಮಾಡುವಾಗ ಕೀಲಿಯನ್ನು ಎರಡೂ ಮ್ಯಾಗ್ನೆಟೊಗಳ (ಪ್ಲಗ್‌ಗಳಿಗೆ ಕಿಡಿ ಒದಗಿಸುವ ಸಾಧನಗಳ) ಸ್ಥಾನದಿಂದ ಬಲಕ್ಕೋ ಎಡಕ್ಕೋ ತಿರುಗಿಸಿದೊಡನೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇಳಿಯಬೇಕಾದುದಕ್ಕಿಂತ ಹೆಚ್ಚು ಇಳಿಯುತ್ತದೆ. ಈ ಬರಹವನ್ನು ಲೈಕಮಿಂಗ್ ಓ-320-ಡಿ2ಜೆ ಎಂಜಿನ್ ಮತ್ತು ಸ್ಲಿಕ್ ಮ್ಯಾಗ್ನೆಟೊಗಳಿರುವ ಸೆಸ್ನಾ 172ಪಿ ಮಾದರಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಆ ವಿಮಾನದ ಕೈಪಿಡಿಯ ಪ್ರಕಾರ 1,700 ಆರ್‌ಪಿಎಂನಲ್ಲಿ ಪರೀಕ್ಷೆ ನಡೆಸಬೇಕು; ಯಾವ ಮ್ಯಾಗ್ನೆಟೊದಲ್ಲೂ ಇಳಿಕೆ 125ನ್ನು ಮೀರಬಾರದು, ಎರಡರ ಇಳಿಕೆಗಳ ನಡುವಿನ ವ್ಯತ್ಯಾಸ 50ನ್ನು ದಾಟಬಾರದು. 172ಎಸ್ ಮಾದರಿಯಲ್ಲಿ ಈ ಪರೀಕ್ಷೆ 1,800ರಲ್ಲಿ ನಡೆಯುತ್ತದೆ, ಮಿತಿ 150. ನಿಮ್ಮ ವಿಮಾನಕ್ಕೆ ಅನ್ವಯಿಸುವುದು ನಿಮ್ಮ ವಿಮಾನದ ಕೈಪಿಡಿಯಲ್ಲಿರುವ ಅಂಕಿಯೇ ಹೊರತು ಪಕ್ಕದ ಹ್ಯಾಂಗರಿನವರು ಹೇಳಿದ ಅಂಕಿಯಲ್ಲ.

ಈ ದೂರು ಬಂದಾಗ ಬಹಳಷ್ಟು ಮಾಲೀಕರು, ಕೆಲವೊಮ್ಮೆ ಅನುಭವವಿರುವ ತಂತ್ರಜ್ಞರೂ, ಮ್ಯಾಗ್ನೆಟೊವನ್ನೇ ಬಿಚ್ಚಲು ಹೊರಡುತ್ತಾರೆ. ನನ್ನ ಅನುಭವದಲ್ಲಿ ದೋಷ ಬಹುಪಾಲು ಸ್ಪಾರ್ಕ್ ಪ್ಲಗ್ಗಿನಲ್ಲಿರುತ್ತದೆ, ಪ್ಲಗ್ಗನ್ನು ಹಾಗೆ ಮಾಡಿದ ಕಾರಣ ಬೇರೆಲ್ಲೋ ಇರುತ್ತದೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಆರ್‌ಪಿಎಂ ಎಷ್ಟು ಇಳಿಯಿತು ಎನ್ನುವುದರ ಜೊತೆಗೆ ಅದು ಯಾವ ರೀತಿಯಲ್ಲಿ ಇಳಿಯಿತು ಎನ್ನುವುದನ್ನು ಗಮನಿಸಿದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಇಳಿಕೆ ಏಕೆ ಆಗುತ್ತದೆ

ಪ್ರತಿ ಸಿಲಿಂಡರಿಗೂ ಎರಡು ಪ್ಲಗ್‌ಗಳಿದ್ದು, ಎರಡನ್ನೂ ಬೇರೆ ಬೇರೆ ಮ್ಯಾಗ್ನೆಟೊ ಉರಿಸುತ್ತದೆ. ಎರಡೂ ಕಡೆಯಿಂದ ಜ್ವಾಲೆ ಹೊತ್ತಿದಾಗ ಇಂಧನ ಮಿಶ್ರಣ ಬೇಗ ಉರಿದು ಮುಗಿಯುತ್ತದೆ. ಒಂದೇ ಕಡೆಯಿಂದ ಹೊತ್ತಿದಾಗ ಉರಿ ನಿಧಾನವಾಗಿ ಹರಡಿ, ಪಿಸ್ಟನ್ನಿಗೆ ಸಿಗುವ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ, ಎಕ್ಸಾಸ್ಟ್ ಉಷ್ಣತೆ ಏರುತ್ತದೆ. ಹಾಗಾಗಿ ಸ್ವಲ್ಪ ಇಳಿಕೆ ಆಗಲೇಬೇಕು, ಅದು ಆರೋಗ್ಯದ ಲಕ್ಷಣ. ಕೀಲಿಯ ಕೆಲಸವನ್ನೂ ಇಲ್ಲಿಯೇ ಸರಿಯಾಗಿ ತಿಳಿದುಕೊಳ್ಳಬೇಕು. ಮನೆಯ ಸ್ವಿಚ್ ಆಫ್ ಮಾಡಿದರೆ ತಂತಿಯ ಸಂಪರ್ಕ ಕಡಿಯುತ್ತದೆ. ಮ್ಯಾಗ್ನೆಟೊದ ಕೀಲಿ ಆಫ್ ಆದಾಗ ಪಿ-ಲೀಡ್ ಎನ್ನುವ ತಂತಿ ಭೂಸಂಪರ್ಕಕ್ಕೆ ಕೂಡಿಕೊಂಡು ಕಿಡಿಯನ್ನು ನಿಲ್ಲಿಸುತ್ತದೆ. ಆ ತಂತಿ ತುಂಡಾದರೆ ಕೀಲಿ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ.

ಈ ಕಾರಣದಿಂದಲೇ, ಮುಂದೆ ಹೇಳುವ ಯಾವ ಹಂತದಲ್ಲೂ ಪ್ರೊಪೆಲ್ಲರನ್ನು ಅದು ಈಗಲೇ ತಿರುಗಬಹುದು ಎಂಬ ಎಚ್ಚರದಿಂದಲೇ ಮುಟ್ಟಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿರಬೇಕು, ಮಿಕ್ಸ್‌ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ) ಪೂರ್ತಿ ಹೊರಗೆಳೆದಿರಬೇಕು, ಕೀಲಿ ತೆಗೆದು ಕಣ್ಣಿಗೆ ಕಾಣುವಂತೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರಬೇಕು.

ಯಾರು ಮಾಡಬಹುದು ಎಂಬ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ಪೈಲಟ್ ಪರವಾನಗಿ ಇರುವ ಮಾಲೀಕರು ತಮ್ಮ ವಿಮಾನದ ಪ್ಲಗ್ ಬಿಚ್ಚಿ, ಶುಚಿಗೊಳಿಸಿ, ಅಂತರ ಸರಿಪಡಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಲು ಅಲ್ಲಿನ ನಿಯಮಾವಳಿಯ 43ನೇ ಭಾಗ ಅವಕಾಶ ಕೊಡುತ್ತದೆ. ಮ್ಯಾಗ್ನೆಟೊ ಟೈಮಿಂಗ್ (ಕಿಡಿ ಹಾರುವ ಕ್ಷಣವನ್ನು ಹೊಂದಿಸುವುದು) ಮಾತ್ರ ಪರವಾನಗಿ ಪಡೆದ ಮೆಕ್ಯಾನಿಕ್ಕಿನ ಕೆಲಸ. ಭಾರತದಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಪ್ರಮಾಣೀಕರಿಸದೆ ವಿಮಾನವನ್ನು ಸೇವೆಗೆ ಬಿಡುವಂತಿಲ್ಲ. ಆದರೂ ಮಾಲೀಕರು ದೋಷವನ್ನು ಸರಿಯಾಗಿ ಗಮನಿಸಿ ಬರೆದುಕೊಟ್ಟರೆ ಎಂಜಿನಿಯರಿನ ಕೆಲಸ ಎಷ್ಟೋ ಹಗುರವಾಗುತ್ತದೆ.

ಇಳಿಕೆಯ ರೀತಿಯನ್ನು ಓದುವುದು

ಕೀಲಿಯನ್ನು ತಿರುಗಿಸಿ ಕೂಡಲೇ ಹಿಂದಕ್ಕೆ ತರುವ ಅಭ್ಯಾಸ ಹಲವರಲ್ಲಿದೆ. ಅದು ಸಾಲದು. ಆರ್‌ಪಿಎಂ ಮಾಪಕದ ಮುಳ್ಳು ಸ್ಥಿರವಾಗುವ ತನಕ, ಅಂದರೆ ಐದಾರು ಸೆಕೆಂಡಿನಷ್ಟಾದರೂ, ಒಂದೇ ಮ್ಯಾಗ್ನೆಟೊದಲ್ಲಿ ಎಂಜಿನ್ ಓಡಲಿ. ಮುಳ್ಳು ಥಟ್ಟನೆ ಬಿದ್ದು, ಎಂಜಿನ್ ಕುಂಟಿದಂತೆ ನಡುಗಿ, ಆ ನಡುಕ ಪಾದಗಳಿಗೂ ಸ್ಟಿಯರಿಂಗ್ ಹಿಡಿಗೂ ತಿಳಿದರೆ, ಯಾವುದೋ ಒಂದು ಸಿಲಿಂಡರ್ ಕಿಡಿಯಿಲ್ಲದೆ ಸುಮ್ಮನೆ ತಿರುಗುತ್ತಿದೆ ಎಂದರ್ಥ. ಪ್ಲಗ್ ಅಥವಾ ಅದರ ಹೈಟೆನ್ಷನ್ ತಂತಿಯನ್ನು ಹುಡುಕಬೇಕು. ಮುಳ್ಳು ನಿಧಾನವಾಗಿ, ನಯವಾಗಿ ಮಿತಿಗಿಂತ ಕೆಳಗಿಳಿದು, ಎಂಜಿನ್ ಮಾತ್ರ ನಾಲ್ಕೂ ಸಿಲಿಂಡರಿನಲ್ಲಿ ಸಮನಾಗಿ ಓಡುತ್ತಿದ್ದರೆ, ಎಲ್ಲ ಸಿಲಿಂಡರಿಗೂ ಸಮಾನವಾದ ಕಾರಣ ಬೇಕು: ಟೈಮಿಂಗ್ ತಡವಾಗಿದೆ, ಇಲ್ಲವೇ ಮಿಶ್ರಣ ತೀರಾ ದಟ್ಟವಾಗಿದೆ. ಮುಳ್ಳು ಅಲುಗಾಡದೇ ಇದ್ದರೆ ಅದು ಮೂರನೆಯ ಬಗೆ, ಮೂರರಲ್ಲಿ ಅತ್ಯಂತ ಅಪಾಯಕಾರಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನಯವಾದ ಇಳಿಕೆ ಕಂಡಾಗ ಮೊದಲು ಮಿಶ್ರಣವನ್ನು ತಿಳಿಗೊಳಿಸಿ (ಇಂಧನದ ಪಾಲು ಕಡಿಮೆ ಮಾಡಿ) ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ಜಕ್ಕೂರಿನ ಓಡುದಾರಿ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ; ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ಗಾಳಿಯ ಸಾಂದ್ರತೆ 5,000 ಅಡಿಗೂ ಮೇಲಿನ ಎತ್ತರದಲ್ಲಿರುವಷ್ಟು ಕಡಿಮೆಯಾಗುತ್ತದೆ. ಮಂಗಳೂರಿನ ಕರಾವಳಿ ಮಟ್ಟದಲ್ಲಿ ಸರಿಯಾಗಿದ್ದ ಪೂರ್ಣ ದಟ್ಟ ಮಿಶ್ರಣ ಇಲ್ಲಿ ಅತಿಯಾಗುತ್ತದೆ. ಎರಡು ಪ್ಲಗ್‌ಗಳಿರುವಾಗ ಹೇಗೋ ಉರಿಯುವ ಆ ಮಿಶ್ರಣ ಒಂದೇ ಪ್ಲಗ್ಗಿಗೆ ಉರಿಯಲು ಹಿಂಜರಿಯುತ್ತದೆ. ತಿಳಿಗೊಳಿಸಿದಾಗ ಇಳಿಕೆ ಮಿತಿಯೊಳಗೆ ಬಂದರೆ ಮ್ಯಾಗ್ನೆಟೊದಲ್ಲಿ ತಪ್ಪಿಲ್ಲ.

ಒರಟಾದ ಇಳಿಕೆಗೂ ಬಿಚ್ಚುವ ಮುನ್ನ ಒಂದು ಪ್ರಯತ್ನವಿದೆ. ಕೀಲಿಯನ್ನು ಎರಡೂ ಮ್ಯಾಗ್ನೆಟೊ ಸ್ಥಾನದಲ್ಲಿಟ್ಟು, 1,800ರಿಂದ 2,000 ಆರ್‌ಪಿಎಂನಲ್ಲಿ ಮಿಶ್ರಣವನ್ನು ಎಂಜಿನ್ ನಡುಗದ ಮಟ್ಟಿಗೆ ತಿಳಿಗೊಳಿಸಿ, ಎಣ್ಣೆಯ ಉಷ್ಣತೆಯನ್ನೂ ಸಿಲಿಂಡರ್ ಉಷ್ಣತೆಯನ್ನೂ ಗಮನಿಸುತ್ತ ಒಂದು ನಿಮಿಷದಷ್ಟು ಓಡಿಸಿರಿ. ಪ್ಲಗ್ಗಿನ ಮೂಗು ಬಿಸಿಯೇರಿದರೆ ಅಂಟಿದ ಮಸಿ ಮತ್ತು ಇಂಧನದಿಂದ ಬಂದ ಸೀಸದ ಸ್ವಲ್ಪ ಭಾಗ ಉರಿದುಹೋಗುತ್ತದೆ. ಇದರಿಂದ ಇಳಿಕೆ ಸರಿಯಾದರೂ ವಿಷಯ ಅಲ್ಲಿಗೇ ಮುಗಿಯಿತೆಂದು ಬಿಡದೆ ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ಎಣ್ಣೆಯಿಂದ ಒದ್ದೆಯಾದ ಪ್ಲಗ್ ಈ ಉಪಾಯಕ್ಕೆ ಬಗ್ಗುವುದು ಕಡಿಮೆ.

ತಣ್ಣಗಿನ ಸಿಲಿಂಡರನ್ನು ಹುಡುಕುವುದು

ಪ್ರತಿ ಸಿಲಿಂಡರಿಗೂ ಎಕ್ಸಾಸ್ಟ್ ಉಷ್ಣತೆ ತೋರಿಸುವ ಎಂಜಿನ್ ಮಾನಿಟರ್ ಇದ್ದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಕೆಟ್ಟ ಮ್ಯಾಗ್ನೆಟೊಗೆ ತಿರುಗಿಸಿದಾಗ ಮೂರು ಸಿಲಿಂಡರ್‌ಗಳ ಉಷ್ಣತೆ ಏರುತ್ತದೆ, ಒಂದರದ್ದು ಕುಸಿಯುತ್ತದೆ, ಕುಸಿದದ್ದೇ ಅಪರಾಧಿ. ಮಾನಿಟರ್ ಇಲ್ಲದಿದ್ದರೆ ಎಂಜಿನ್ ಪೂರ್ತಿ ತಣಿದಿರುವಾಗ ಶುರುಮಾಡಿ, ಕೂಡಲೇ ಕೆಟ್ಟ ಮ್ಯಾಗ್ನೆಟೊ ಒಂದರಲ್ಲೇ 1,000ದಿಂದ 1,200 ಆರ್‌ಪಿಎಂನಲ್ಲಿ ಒಂದು ನಿಮಿಷ ಓಡಿಸಿ, ಕೀಲಿಯನ್ನು ಅದೇ ಸ್ಥಾನದಲ್ಲಿಟ್ಟು ಮಿಕ್ಸ್‌ಚರ್ ಎಳೆದು ನಿಲ್ಲಿಸಬೇಕು. ನಂತರ ಕೀಲಿ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಎಕ್ಸಾಸ್ಟ್ ಕೊಳವೆಗಳನ್ನು ಸಿಲಿಂಡರಿಗೆ ಸೇರುವ ಜಾಗದ ಹತ್ತಿರ ಅಳೆಯಬೇಕು. ತಡಮಾಡಿದರೆ ಶಾಖ ಹರಡಿ ವ್ಯತ್ಯಾಸ ಮಾಸುತ್ತದೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಖಾಸಗಿ 172ಪಿ ವಿಮಾನದಲ್ಲಿ ಬಲ ಮ್ಯಾಗ್ನೆಟೊಗೆ ತಿರುಗಿಸಿದಾಗ 1,700ರಿಂದ 220 ಆರ್‌ಪಿಎಂ ಇಳಿದು ಎಂಜಿನ್ ಒರಟಾಗಿ ನಡುಗುತ್ತಿತ್ತು. ಮಾಲೀಕರು ಬಹಳ ಕಳವಳಗೊಂಡು, "ಹೊಸ ಮ್ಯಾಗ್ನೆಟೊ ತರಿಸಿಬಿಡೋಣವೇ?" ಎಂದು ಕೇಳಿದರು. "ಇಂದು ಸಂಜೆಯ ತನಕ ಕಾಯಿರಿ ಸಾರ್, ಎಂಜಿನ್ ತಣಿಯಲಿ" ಎಂದೆ. ಸಂಜೆ ಅಳೆದಾಗ ಮೂರು ಕೊಳವೆಗಳು 120 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿದ್ದವು, 3ನೇ ಸಿಲಿಂಡರಿನದ್ದು 45ರಲ್ಲಿತ್ತು.

ಇಲ್ಲಿಂದ ಪ್ಲಗ್ಗಿನವರೆಗಿನ ದಾರಿ ನೇರವಾದುದು. ಲೈಕಮಿಂಗ್‌ನ ಈ ಎಂಜಿನ್ನಿನಲ್ಲಿ ಪೈಲಟ್ಟಿನ ಬಲಗಡೆ ಮುಂದೆ 1, ಹಿಂದೆ 3; ಎಡಗಡೆ ಮುಂದೆ 2, ಹಿಂದೆ 4. ಬಲ ಮ್ಯಾಗ್ನೆಟೊ ಬಲಗಡೆಯ ಕೆಳಗಿನ ಪ್ಲಗ್‌ಗಳನ್ನೂ ಎಡಗಡೆಯ ಮೇಲಿನ ಪ್ಲಗ್‌ಗಳನ್ನೂ ಉರಿಸುತ್ತದೆ. ಎಡ ಮ್ಯಾಗ್ನೆಟೊ ಎಡಗಡೆಯ ಕೆಳಗಿನವನ್ನೂ ಬಲಗಡೆಯ ಮೇಲಿನವನ್ನೂ. ಹಾಗಾಗಿ ಬಲ ಮ್ಯಾಗ್ನೆಟೊದಲ್ಲಿ 3ನೇ ಸಿಲಿಂಡರ್ ತಣ್ಣಗಿದ್ದರೆ ಬಿಚ್ಚಬೇಕಾದುದು ಅದರ ಕೆಳಗಿನ ಪ್ಲಗ್ ಒಂದನ್ನೇ. ಬಿಚ್ಚಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಮಧ್ಯದ ಎಲೆಕ್ಟ್ರೋಡಿಗೂ ಅಂಚಿನ ಎಲೆಕ್ಟ್ರೋಡಿಗೂ ನಡುವೆ ಸಾಸಿವೆ ಕಾಳಿನಷ್ಟು ದಪ್ಪದ, ಬೂದು ಬಣ್ಣದ, ಹೊಳಪಿರುವ ಸೀಸದ ಮಣಿಯೊಂದು ಸಿಕ್ಕಿಕೊಂಡಿತ್ತು. ಕಿಡಿ ಹಾರಬೇಕಾದ ಅಂತರವನ್ನು ಆ ಮಣಿ ಸೇತುವೆಯಂತೆ ಮುಚ್ಚಿತ್ತು.

ಪ್ಲಗ್ಗಿನ ಪರೀಕ್ಷೆ

ಕೆಳಗಿನ ಪ್ಲಗ್‌ಗಳೇ ಹೆಚ್ಚು ಕೆಡುವುದಕ್ಕೆ ಕಾರಣ ಸರಳ: ಎಣ್ಣೆಯೂ ಸೀಸದ ಕಣಗಳೂ ಕೆಳಗೆ ಇಳಿದು ಅಲ್ಲಿ ನಿಲ್ಲುತ್ತವೆ. ಒಣಗಿದ ಕಪ್ಪು ಮಸಿ ಇದ್ದರೆ ದಟ್ಟ ಮಿಶ್ರಣ, ಬೂದು ಮಣಿಗಳಿದ್ದರೆ ಸೀಸ, ಒದ್ದೆ ಕಪ್ಪು ಇದ್ದರೆ ಎಣ್ಣೆ. ಎಣ್ಣೆ ಕಂಡರೆ ಆ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಬಿಡಬೇಡಿರಿ. ಬಿಳಿ ಸೆರಾಮಿಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಪ್ಲಗ್ಗನ್ನು ಎಸೆಯಬೇಕು. ನೆಲಕ್ಕೆ ಬಿದ್ದ ಪ್ಲಗ್ಗಿನಲ್ಲಿ ಬಿರುಕು ಕಾಣದಿದ್ದರೂ ಎಸೆಯಬೇಕು, ಏಕೆಂದರೆ ಒಳಗಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಸೀಸವನ್ನು ಕಂಪಿಸುವ ಶುಚಿಕಾರಕ ಸಾಧನದ ಮೊನೆಯಿಂದ ಸೆರಾಮಿಕ್ಕಿಗೆ ತಾಗದಂತೆ ಒಡೆದು ತೆಗೆದು, ಆಮೇಲೆ ಅಂತರ ಅಳೆಯಬೇಕು. ಸಾಮಾನ್ಯ ದಪ್ಪ ಎಲೆಕ್ಟ್ರೋಡಿನ ಪ್ಲಗ್ಗಿಗೆ 0.016ರಿಂದ 0.021 ಇಂಚು. ಅಂತರ ಕಿರಿದು ಮಾಡುವಾಗ ಹೊರಗಿನ ಎಲೆಕ್ಟ್ರೋಡನ್ನಷ್ಟೇ ಅದಕ್ಕೆಂದೇ ಇರುವ ಸಾಧನದಿಂದ ಒತ್ತಬೇಕು, ಅಳತೆಯ ತಂತಿಯನ್ನು ನಡುವೆ ಇಟ್ಟುಕೊಂಡು ಒತ್ತಿದರೆ ಒತ್ತಡ ಮಧ್ಯದ ಎಲೆಕ್ಟ್ರೋಡಿಗೆ ಹೋಗಿ ಸೆರಾಮಿಕ್ ಒಡೆಯುತ್ತದೆ. ಹಲವರು ಮರೆಯುವ ಪರೀಕ್ಷೆ ಒಂದಿದೆ: ಪ್ಲಗ್ಗಿನ ಒಳಗಿನ ರೆಸಿಸ್ಟರನ್ನು ಮೀಟರಿನಿಂದ ಅಳೆಯುವುದು. 5,000 ಓಮ್ ಮೀರಿದ ಪ್ಲಗ್ ನೋಡಲು ಎಷ್ಟೇ ಶುಭ್ರವಾಗಿದ್ದರೂ ನಿಷ್ಪ್ರಯೋಜಕ. ಹೊರಗಿನಿಂದ ಹೊಸದರಂತೆ ಹೊಳೆಯುತ್ತ ಒಳಗೆ ಸತ್ತಿರುವ ಇಂತಹ ಪ್ಲಗ್‌ಗಳು ತಿಂಗಳುಗಟ್ಟಲೆ ಜನರನ್ನು ಅಲೆದಾಡಿಸಿದ್ದನ್ನು ಕಂಡಿದ್ದೇನೆ.

ಮರಳಿ ಜೋಡಿಸುವಾಗ ಹೊಸ ತಾಮ್ರದ ವಾಷರ್ ಹಾಕಬೇಕು. ಬಿಗಿತ 35 ಅಡಿ-ಪೌಂಡ್. ತಂತಿ ಜೋಡಿಸುವ ಮುನ್ನ ಹಾರ್ನೆಸ್ (ಮ್ಯಾಗ್ನೆಟೊದಿಂದ ಪ್ಲಗ್ಗಿಗೆ ಹೋಗುವ ಹೈಟೆನ್ಷನ್ ತಂತಿಗಳ ಕಟ್ಟು) ತಂತಿಯ ತುದಿಯನ್ನೂ ಪ್ಲಗ್ಗಿನ ಒಳಗುಳಿಯನ್ನೂ ಒಣಬಟ್ಟೆ ಮತ್ತು ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಬೆರಳಿನಿಂದ ಮುಟ್ಟಬಾರದು. ಕೈಬೆವರಿನ ಉಪ್ಪು ಸಾಕು, ಹೈಟೆನ್ಷನ್ ಕಿಡಿ ಅದರ ಜಾಡು ಹಿಡಿದು ಹೊರಗೆ ಸೋರಲು.

ಪ್ಲಗ್ ಸರಿಯಿದೆಯೇ ಎಂದು ಅನುಮಾನ ಉಳಿದರೆ, ಅದನ್ನು ಅದೇ ಮ್ಯಾಗ್ನೆಟೊ ಉರಿಸುವ ಇನ್ನೊಂದು ಸಿಲಿಂಡರಿನ ಪ್ಲಗ್ಗಿನೊಂದಿಗೆ ಅದಲುಬದಲು ಮಾಡಿ ತಣ್ಣಗಿನ ಸಿಲಿಂಡರ್ ಪರೀಕ್ಷೆಯನ್ನು ಮತ್ತೆ ಮಾಡಿರಿ. ತಂಪು ಪ್ಲಗ್ಗಿನ ಜೊತೆ ಹೊಸ ಸಿಲಿಂಡರಿಗೆ ಹೋದರೆ ಪ್ಲಗ್ ಕೆಟ್ಟಿದೆ. ಹಳೆಯ ಸಿಲಿಂಡರಿನಲ್ಲೇ ಉಳಿದರೆ ಹಾರ್ನೆಸ್ ತಂತಿಯನ್ನು ಹೈಟೆನ್ಷನ್ ಟೆಸ್ಟರಿನಿಂದ ಪರೀಕ್ಷಿಸಬೇಕು. ತಂತಿ ಎಕ್ಸಾಸ್ಟ್ ಕೊಳವೆಗೆ ತಾಗುವಷ್ಟು ಹತ್ತಿರ ಹಾದುಹೋದ ಜಾಗ, ಬಾಗಿದ ಜಾಗ, ಕ್ಲಾಂಪಿನಡಿ ಸವೆದ ಜಾಗಗಳನ್ನು ಮೊದಲು ನೋಡಬೇಕು. ತಂತಿಯೂ ಸರಿಯಿದ್ದರೆ ಮ್ಯಾಗ್ನೆಟೊದೊಳಗೆ ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಇಂಗಾಲದ ಗೆರೆ ಮೂಡಿರಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಿಮಾನದಲ್ಲಿ ತೇವ ಸೇರಿ ಹೀಗಾಗುವುದುಂಟು.

ಟೈಮಿಂಗ್

ನಯವಾದ, ಮಿತಿ ಮೀರಿದ ಇಳಿಕೆ ಮಿಶ್ರಣ ತಿಳಿಗೊಳಿಸಿದರೂ ಹೋಗದಿದ್ದರೆ ಟೈಮಿಂಗ್ ನೋಡಬೇಕು. ಎಂಜಿನ್ನಿನ ಡೇಟಾ ಪ್ಲೇಟಿನ ಮೇಲೆ ಬರೆದಿರುವ ಕೋನವನ್ನು ಓದಿಯೇ ಮುಂದುವರಿಯಿರಿ. ಡಿ2ಜೆಯಲ್ಲಿ ಅದು ಪಿಸ್ಟನ್ ಮೇಲುತುದಿ ಮುಟ್ಟುವುದಕ್ಕೆ 25 ಡಿಗ್ರಿ ಮೊದಲು. ಪ್ರತಿ ಸಿಲಿಂಡರಿನಿಂದಲೂ ಒಂದೊಂದು ಪ್ಲಗ್ ತೆಗೆದು ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ, 1ನೇ ಸಿಲಿಂಡರನ್ನು ಕಂಪ್ರೆಷನ್ ಹೊಡೆತಕ್ಕೆ ತಂದು, ಪ್ರೊಪೆಲ್ಲರನ್ನು ಗುರುತಿಗಿಂತ ಹಿಂದಕ್ಕೆ ಒಯ್ದು ಮತ್ತೆ ಓಡುವ ದಿಕ್ಕಿನಲ್ಲೇ ನಿಧಾನವಾಗಿ ಮುಂದಕ್ಕೆ ತರಬೇಕು. ಹಾಗೆ ಮಾಡಿದಾಗ ಮಾತ್ರ ಗೇರುಗಳ ನಡುವಿನ ಸಡಿಲು ತೀರಿ ಅಳತೆ ನಿಜವಾಗುತ್ತದೆ. ರಿಂಗ್ ಗೇರಿನ 25ರ ಗುರುತು ಸ್ಟಾರ್ಟರ್ ಕವಚದ ಮೇಲಿನ ಸಣ್ಣ ರಂಧ್ರಕ್ಕೆ ಎದುರಾಗುವ ಹೊತ್ತಿಗೆ ಟೈಮಿಂಗ್ ಲೈಟಿನ ಎರಡೂ ದೀಪಗಳು ಒಟ್ಟಿಗೆ ಬದಲಾಗಬೇಕು.

ಟೈಮಿಂಗ್ ಜರುಗಿದ್ದು ಕಂಡರೆ ಮ್ಯಾಗ್ನೆಟೊವನ್ನು ಸ್ವಲ್ಪ ತಿರುಗಿಸಿ ಬಿಗಿದರೆ ಲಕ್ಷಣವೇನೋ ಹೋಗುತ್ತದೆ. ಆದರೆ ಅದು ಜರುಗಿದ್ದೇಕೆ? ಒಳಗೆ ಕ್ಯಾಮ್ ಮೇಲೆ ಉಜ್ಜುವ ತುಂಡು ಸವೆದರೆ ಪಾಯಿಂಟುಗಳು (ತೆರೆದಾಗ ಕಿಡಿ ಹುಟ್ಟಿಸುವ ಸಂಪರ್ಕಗಳು) ತಡವಾಗಿ ತೆರೆದು ಕಿಡಿ ಹಿಂದೆ ಬೀಳುತ್ತದೆ. ಪಾಯಿಂಟುಗಳೇ ಸುಟ್ಟು ಸವೆದರೆ ಬೇಗ ತೆರೆದು ಕಿಡಿ ಮುಂದಾಗುತ್ತದೆ. ಕಾರಣ ಎರಡರಲ್ಲಿ ಯಾವುದೇ ಆದರೂ, ಮ್ಯಾಗ್ನೆಟೊ ತೆರೆದು ನೋಡುವ ಕಾಲ ಬಂದಿದೆ. ಸ್ಲಿಕ್ ಮ್ಯಾಗ್ನೆಟೊಗಳಿಗೆ 500 ಗಂಟೆಗೊಮ್ಮೆ ಒಳಪರೀಕ್ಷೆ ಹೇಳಲಾಗಿದೆ. ವರ್ಷಕ್ಕೆ 50 ಗಂಟೆ ಹಾರುವ ಖಾಸಗಿ ವಿಮಾನಕ್ಕೆ ಆ ಗಡಿ ಮುಟ್ಟಲು ಹತ್ತು ವರ್ಷ ಬೇಕು, ಅಷ್ಟರಲ್ಲಿ ಹಿಂದಿನ ಪರೀಕ್ಷೆ ಯಾವಾಗ ಆಯಿತೆಂಬುದೇ ಮರೆತಿರುತ್ತದೆ. ನಾನಂತೂ ಇಂತಹ ವಿಮಾನಗಳಲ್ಲಿ ಗಂಟೆ ತುಂಬಲೆಂದು ಕಾಯುವುದಿಲ್ಲ.

ಮುಳ್ಳು ಇಳಿಯದೇ ಇದ್ದಾಗ

ಇಳಿಕೆ ಇಲ್ಲದಿರುವುದನ್ನು ಕಂಡು "ಎಂಜಿನ್ ಎಷ್ಟು ಚೆನ್ನಾಗಿದೆ" ಎಂದು ಸಂತೋಷಪಟ್ಟು ಹಾರಿಹೋದವರನ್ನು ಬಲ್ಲೆ. ಎಡಕ್ಕೆ ತಿರುಗಿಸಿದಾಗ ಆರ್‌ಪಿಎಂ ಇಳಿಯಲಿಲ್ಲವೆಂದರೆ ಬಲ ಮ್ಯಾಗ್ನೆಟೊ ನಿಲ್ಲಲಿಲ್ಲ ಎಂದರ್ಥವಾಗಬಹುದು: ಪಿ-ಲೀಡ್ ತುಂಡಾಗಿದೆ, ಅದರ ತುದಿಯ ಉಂಗುರ ಸಡಿಲವಾಗಿದೆ, ಇಲ್ಲವೇ ಕೀಲಿಯ ಒಳಗಿನ ಸಂಪರ್ಕ ಸವೆದಿದೆ. ಖಚಿತಪಡಿಸಿಕೊಳ್ಳಲು ಥ್ರಾಟಲನ್ನು ಪೂರ್ತಿ ಹಿಂದೆಳೆದು, ಅತಿ ಕಡಿಮೆ ವೇಗದಲ್ಲಿ, ಕೀಲಿಯನ್ನು ಕ್ಷಣಮಾತ್ರ ಆಫ್ ಮಾಡಿ ಹಿಂದಕ್ಕೆ ತನ್ನಿರಿ. ಎಂಜಿನ್ ಸಾಯುವಂತೆ ಕುಸಿಯಬೇಕು. ಕುಸಿಯದಿದ್ದರೆ ಮಿಕ್ಸ್‌ಚರಿನಿಂದ ನಿಲ್ಲಿಸಿ, ಪ್ರೊಪೆಲ್ಲರಿನ ಮೇಲೆ ಎಚ್ಚರಿಕೆಯ ಫಲಕ ಕಟ್ಟಿ, ಯಾರೂ ಅದನ್ನು ಮುಟ್ಟದಂತೆ ಹ್ಯಾಂಗರಿನಲ್ಲಿರುವ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಬೇಕು. ಹೆಚ್ಚು ಆರ್‌ಪಿಎಂನಲ್ಲಿ ಈ ಪರೀಕ್ಷೆ ಮಾಡಬಾರದು. ಉರಿಯದ ಇಂಧನ ಮಫ್ಲರಿನಲ್ಲಿ ತುಂಬಿ, ಕೀಲಿ ಹಿಂದೆ ತಂದಾಗ ಸ್ಫೋಟಿಸಿ ಅದನ್ನು ಹರಿಯಬಹುದು.

ಕೀಲಿ ಆಫ್ ಮಾಡಿದಾಗ ಎಂಜಿನ್ ಸರಿಯಾಗಿ ಸತ್ತು, ಇಳಿಕೆ ಮಾತ್ರ ಎರಡೂ ಕಡೆ ತೀರಾ ಕಡಿಮೆ ಇದ್ದರೆ ಟೈಮಿಂಗ್ ಮುಂದಾಗಿರಬಹುದು. ಸಿಲಿಂಡರ್ ತಲೆಯ ಉಷ್ಣತೆ ಹಿಂದಿನದಕ್ಕಿಂತ ಏರಿದ್ದರೆ ಅನುಮಾನ ಬಲವಾಗುತ್ತದೆ.

ಎರಡೂ ಮ್ಯಾಗ್ನೆಟೊಗಳಲ್ಲಿ ಎಂಜಿನ್ ಒಂದೇ ರೀತಿ ಒರಟಾಗಿದ್ದು, ಅದೇ ಸಿಲಿಂಡರ್ ಎರಡರಲ್ಲೂ ತಣ್ಣಗಿದ್ದರೆ ಕಿಡಿಯ ವ್ಯವಸ್ಥೆಯನ್ನು ಬಿಟ್ಟುಬಿಡಿರಿ. ಅಂಟಿಕೊಳ್ಳುತ್ತಿರುವ ಎಕ್ಸಾಸ್ಟ್ ವಾಲ್ವ್, ಇಂಟೇಕ್ ಕೊಳವೆಯ ಸೋರಿಕೆ, ಸರಿಯಾಗಿ ಬೀಗ ಬೀಳದ ಪ್ರೈಮರ್ (ಸ್ಟಾರ್ಟ್ ಮಾಡುವ ಮುನ್ನ ಇಂಧನ ಊಡುವ ಕೈಪಂಪು) ಇವನ್ನು ನೋಡಬೇಕು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಒಂದೆರಡು ನಿಮಿಷ ಕುಂಟಿ ಬಿಸಿಯಾದ ಮೇಲೆ ಸರಿಹೋಗುವ ಎಂಜಿನ್ನಿನಲ್ಲಿ ವಾಲ್ವನ್ನೇ ಮೊದಲು ಶಂಕಿಸಬೇಕು, ಅದನ್ನು ಪರೀಕ್ಷಿಸದೆ ಹಾರಬಾರದು.

ಮೂಲ ಕಾರಣ

ಮೇಲೆ ಹೇಳಿದ ವಿಮಾನಕ್ಕೆ ಮರಳುತ್ತೇನೆ. 3ನೇ ಸಿಲಿಂಡರಿನ ಪ್ಲಗ್ ಶುಚಿಮಾಡಿ ಅಳೆದಾಗ ರೆಸಿಸ್ಟರ್, ಅಂತರ ಎರಡೂ ಸರಿಯಿದ್ದವು; ಇಳಿಕೆ 80ಕ್ಕೆ ಬಂತು. ಹನ್ನೊಂದು ಗಂಟೆಗಳ ಹಾರಾಟದ ನಂತರ ಅದೇ ದೂರು ಮರಳಿತು, ಈ ಬಾರಿ 1ನೇ ಸಿಲಿಂಡರಿನ ಕೆಳಗಿನ ಪ್ಲಗ್ಗಿನಲ್ಲಿ. ದೋಷ ಒಂದು ಪ್ಲಗ್ಗಿನದ್ದಾಗಿದ್ದರೆ ಹೀಗೆ ಜಾಗ ಬದಲಿಸುತ್ತಿರಲಿಲ್ಲ. ನಾಲ್ಕೂ ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಎಲ್ಲದರಲ್ಲೂ ಮಸಿ, ಎಲ್ಲದರಲ್ಲೂ ಸೀಸದ ಮಣಿಗಳು.

ಏವ್‌ಗ್ಯಾಸ್ 100ಎಲ್‌ಎಲ್ ಇಂಧನದ ಹೆಸರಿನಲ್ಲಿ "ಕಡಿಮೆ ಸೀಸ" ಎಂದಿದ್ದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಅದನ್ನು ಉರಿಕೋಣೆಯಿಂದ ಹೊರಗೊಯ್ಯಲು ಇಂಧನದಲ್ಲೇ ಬೆರೆಸಿದ ಎಥಿಲೀನ್ ಡೈಬ್ರೋಮೈಡ್ ಕೆಲಸ ಮಾಡಬೇಕಾದರೆ ಪ್ಲಗ್ಗಿನ ಮೂಗು ಸುಮಾರು 430 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲೆ ಬಿಸಿಯಾಗಿರಬೇಕು. ದಟ್ಟ ಮಿಶ್ರಣದಲ್ಲಿ ನಿಧಾನವಾಗಿ ಓಡುವ ಎಂಜಿನ್ನಿನಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಹಾಗಾಗಿ ಎಂಜಿನ್ ನಿಲ್ಲಿಸುವಾಗಿನ ಲಕ್ಷಣ ನೋಡಿದೆ: ಕಡಿಮೆ ವೇಗದಲ್ಲಿ ಮಿಕ್ಸ್‌ಚರನ್ನು ನಿಧಾನವಾಗಿ ಎಳೆದಾಗ ನಿಲ್ಲುವ ಮುನ್ನ ಆರ್‌ಪಿಎಂ ಸ್ವಲ್ಪ ಏರಬೇಕು, ಆ ಏರಿಕೆ 50ನ್ನು ಮೀರಿದರೆ ಐಡಲ್ (ಅತಿ ಕಡಿಮೆ ವೇಗದ ಓಟದ) ಮಿಶ್ರಣ ಅತಿ ದಟ್ಟ. ಈ ವಿಮಾನದಲ್ಲಿ ಏರಿಕೆ 120 ಇತ್ತು. ಕಾರ್ಬ್ಯುರೇಟರಿನ ಐಡಲ್ ಮಿಶ್ರಣದ ತಿರುಪನ್ನು ಹಂತಹಂತವಾಗಿ ಸರಿಪಡಿಸಿ ಏರಿಕೆಯನ್ನು 30ಕ್ಕೆ ತಂದೆವು. ಮಾಲೀಕರೂ ತಮ್ಮ ಅಭ್ಯಾಸ ಬದಲಿಸಿಕೊಂಡರು: ಟ್ಯಾಕ್ಸಿ ಮಾಡುವಾಗ ಮಿಶ್ರಣವನ್ನು ಚೆನ್ನಾಗಿ ತಿಳಿಗೊಳಿಸುವುದು, ನಿಂತಾಗ 700ರಲ್ಲಿ ಬಿಡದೆ 1,000ದಿಂದ 1,200ರಲ್ಲಿ ಓಡಿಸುವುದು, ನಿಲ್ಲಿಸುವ ಮುನ್ನ 1,800ರಲ್ಲಿ ಹದಿನೈದಿಪ್ಪತ್ತು ಸೆಕೆಂಡು ಓಡಿಸಿ 1,200ಕ್ಕೆ ಇಳಿಸಿ ಮಿಕ್ಸ್‌ಚರ್ ಎಳೆಯುವುದು. ಹಾರುವ ಮುನ್ನ ಮಿಶ್ರಣವನ್ನು ಮತ್ತೆ ಸರಿಯಾದ ಸ್ಥಾನಕ್ಕೆ ತರಲು ಮರೆಯದಂತೆ ಅದನ್ನು ಚೆಕ್‌ಲಿಸ್ಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ಪ್ಲಗ್‌ಗಳನ್ನು ಮರಳಿ ಹಾಕುವಾಗ ಕೆಳಗಿನವನ್ನು ಮೇಲಕ್ಕೂ ಮೇಲಿನವನ್ನು ಕೆಳಕ್ಕೂ, ಕಿಡಿಯ ಧ್ರುವ ಬದಲಾಗುವಂತೆ ಬೇರೆ ಸಿಲಿಂಡರಿಗೆ ಸ್ಥಳಾಂತರಿಸಿದೆವು. ಲಾಗ್‌ಬುಕ್ಕಿನಲ್ಲಿ ಇಳಿಕೆಯ ಅಂಕಿಗಳನ್ನು ಎಡಬಲ ಎರಡಕ್ಕೂ, ಪರೀಕ್ಷೆಯ ಆರ್‌ಪಿಎಂ ಮತ್ತು ಅಂದಿನ ಹವಾ ಉಷ್ಣತೆಯೊಂದಿಗೆ ಬರೆದೆ. ಮುಂದಿನ 50 ಗಂಟೆಯ ಪರೀಕ್ಷೆಯಲ್ಲಿ ಹೋಲಿಸಲು ಆಧಾರ ಬೇಕಲ್ಲವೇ. ಆ ಪರೀಕ್ಷೆಯಲ್ಲಿ ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿದಾಗ ತಿಳಿಕಂದು ಬಣ್ಣದ ಒಣ ಪದರವಿತ್ತು, ಮಣಿಗಳಿರಲಿಲ್ಲ. ಬಲ ಮ್ಯಾಗ್ನೆಟೊದ ಇಳಿಕೆ 75, ಎಡದ್ದು 60.